ಬಲಗಡೆ ಎಷ್ಟು ಜಾಗ

ಮಾರ್ಚ್ 3, ಸೋಮವಾರ

ಇವತ್ತು ಮೈದುನನಿಗೆ ಸುಳ್ಳು ಹೇಳಿದೆ.

ಬೆಳಗ್ಗೆ ಮಹಡಿಯಿಂದ ಇಳಿದು ಬಂದ. ಬಾಗಿಲಲ್ಲೇ ನಿಂತು ಗಂಟಲು ಸರಿಮಾಡಿಕೊಂಡ. ಅವನು ಗಂಟಲು ಸರಿಮಾಡಿಕೊಂಡರೆ ಏನೋ ಕೇಳುವುದಕ್ಕಿದೆ ಎಂದೇ ಲೆಕ್ಕ.

"ಅತ್ತಿಗೆ, ಕೆಳಗಿನ ರೂಮು ಸುಮ್ಮನೆ ಬೀಗ ಹಾಕ್ಕೊಂಡು ಕೂತಿದೆಯಲ್ಲ."

"ಹೂಂ."

"ಲೈಸೆನ್ಸ್ ಬಂದ ತಕ್ಷಣ ಕಾರು ತಗೋತೀನಿ. ನಿಲ್ಲಿಸೋಕೆ ಜಾಗ ಬೇಕು. ಆ ಮಿಷನ್ನನ್ನ ಯಾರಿಗಾದರೂ ಕೊಟ್ಟುಬಿಡೋಣ. ನೀವಂತೂ ಮುಟ್ಟಲ್ಲ."

ಆ ಮಿಷನ್ನು ಎಂದರೆ ಇವರ ಗರಗಸದ ಮೇಜು. ಕಬ್ಬಿಣದ ಮೇಜು, ನಡುವಿನ ಸೀಳಿನಿಂದ ಹಲ್ಲಿನ ಚಕ್ರ ತಲೆ ಎತ್ತಿರುತ್ತದೆ. ಇವರು ಆಚೆ ಕಡೆಯಿಂದ ಹಲಗೆ ನೂಕುತ್ತಿದ್ದರು, ಕೊಯ್ದುಕೊಂಡು ಬಂದದ್ದನ್ನು ಈಚೆ ಕಡೆ ನಿಂತು ನಾನು ಹಿಡಿಯುತ್ತಿದ್ದೆ. ಮದುವೆಯಾದ ಹೊಸದರಿಂದ ರಜಾ ದಿನಗಳಲ್ಲಿ ಅದೇ ನಮ್ಮ ಸಿನಿಮಾ, ಅದೇ ನಮ್ಮ ಪಾರ್ಕು.

ನನಗೆ ಎಲ್ಲಿಂದ ಬಂತೋ ಮಾತು. "ಯಾಕೆ ಮುಟ್ಟಲ್ಲ? ಅದಕ್ಕೆ ಹೊಸ ಫೆನ್ಸು ಹಾಕಿಸ್ತಾ ಇದ್ದೀನಿ. ಮಗಳ ಮೇಜು ಮುಗಿಸಬೇಕು" ಅಂದೆ.

"ನೀವಾ?"

"ನಾನೇ."

"ಬೆರಳು?"

"ಹತ್ತೂ ಇವೆ."

ಅವನು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ. "ಸರಿ. ನನ್ನ ಲೈಸೆನ್ಸ್ ಬರೋದರೊಳಗೆ ಆ ರೂಮಲ್ಲಿ ಕೆಲಸ ಶುರುವಾದರೆ ನಾನು ಇನ್ನೊಂದು ಸಲ ಕೇಳಲ್ಲ. ಆಗದಿದ್ದರೆ ರೂಮು ಕಾರಿಗೆ."

ಮನೆ ಅಣ್ಣತಮ್ಮ ಇಬ್ಬರದೂ. ನ್ಯಾಯದ ಮಾತೇ. ಒಪ್ಪಿದೆ.

ಇವರು ಹೋಗಿ ನಾಲ್ಕು ತಿಂಗಳಾಯಿತು. ಅಲ್ಲಿಂದೀಚೆಗೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಅದೂ ಸುಳ್ಳು.

ಮಾರ್ಚ್ 4, ಮಂಗಳವಾರ

ಮಗಳು ಬಂದಿದ್ದಳು. ಅವಳಿಗೆ ಕಾರು ಕಲಿಸುವ ಕೆಲಸ, ಸ್ವಂತ ಡ್ರೈವಿಂಗ್ ಶಾಲೆ. ಕಲಿಯುವವರ ಪಕ್ಕದಲ್ಲಿ ಕೂರುತ್ತಾಳೆ, ಅವಳ ಕಾಲಡಿಗೂ ಒಂದು ಬ್ರೇಕು ಇದೆ. ಹತ್ತು ವರ್ಷದ ಅಭ್ಯಾಸ, ಈಗ ಎಲ್ಲಿ ಕೂತರೂ ಬಲಗಾಲು ಆ ಬ್ರೇಕನ್ನು ಹುಡುಕುತ್ತದೆ. ನಾನು ತಟ್ಟೆಗೆ ಸ್ವಲ್ಪ ಜಾಸ್ತಿ ಬಡಿಸಿದರೂ ಮೇಜಿನಡಿ ಕಾಲು ಒತ್ತುತ್ತಾಳೆ.

ಮೈದುನ ಅವಳ ಶಿಷ್ಯ. ಎರಡು ಸಲ ಟೆಸ್ಟಿನಲ್ಲಿ ಫೇಲಾಗಿದ್ದಾನೆ.

"ಚಿಕ್ಕಪ್ಪ ಹೇಗೆ ಓಡಿಸ್ತಾನೆ?" ಕೇಳಿದೆ.

"ಎಡಕ್ಕೆ ಅಂದರೆ ಬಲಕ್ಕೆ ಹೋಗ್ತಾರೆ. ಬಲಕ್ಕೆ ಅಂದರೆ ಗಾಡಿ ನಿಲ್ಲಿಸಿ ಯೋಚನೆ ಮಾಡ್ತಾರೆ."

ಅವನಿಗೆ ಕನ್ನಡಕದ ಅಂಗಡಿ. ದಿನವಿಡೀ ಜನರ ಎದುರು ಕೂತು ಎಡಗಣ್ಣು ಮುಚ್ಚಿ, ಬಲಗಣ್ಣು ಮುಚ್ಚಿ ಎನ್ನುತ್ತಾನೆ. ಎದುರಿನವರ ಎಡ ಅವನಿಗೆ ಬಲ. ಅರ್ಧ ಆಯುಸ್ಸು ಹೀಗೆ ಹೇಳಿ ಹೇಳಿ ತಲೆಯೊಳಗೆ ಎರಡೂ ಅದಲುಬದಲಾಗಿವೆ ಎಂದು ಮಗಳ ವಾದ.

"ಪಾಸಾಗೋಕೆ ಎಷ್ಟು ದಿನ ಬೇಕು?"

"ಇನ್ನೊಂದು ತಿಂಗಳು."

"ಅವಸರ ಮಾಡಬೇಡ. ನಿಧಾನವಾಗಿ ಕಲಿಸು" ಅಂದೆ.

ಅವಳ ಶಾಲೆಗೆ ಇವರು ಒಂದು ಮೇಜು ಮಾಡಿಕೊಡುತ್ತೇನೆ ಅಂದಿದ್ದರು. ನಲವತ್ತು ಇಂಚು ಚೌಕ. ಮೇಲೆ ನಾಲ್ಕು ರಸ್ತೆ ಕೂಡುವ ಜಾಗದ ಚಿತ್ರ ಬರೆಯುವುದು, ಆಟದ ಕಾರು ಇಟ್ಟು ಯಾರು ಮೊದಲು ಹೋಗಬೇಕು ಎಂದು ಕಲಿಸುವುದು. ಕಾಲುಗಳು ಸಿದ್ಧವಾಗಿವೆ. ಮೇಲಿನ ಹಲಗೆಯಾಗಬೇಕಾದ ಪ್ಲೈವುಡ್ ಗೋಡೆಗೆ ಒರಗಿ ನಿಂತಿದೆ.

"ನಿನಗ್ಯಾಕಮ್ಮ ಅದೆಲ್ಲ? ಬಡಗಿಗೆ ಹೇಳಿದರೆ ಒಂದು ದಿನದ ಕೆಲಸ."

"ಅಪ್ಪ ಕಾಲು ಮಾಡಿಟ್ಟಿದ್ದಾರಲ್ಲ."

ಹೋಗುವಾಗ ಹೊಸ್ತಿಲ ಹತ್ತಿರ ನಿಂತು, "ನಿಧಾನ" ಅಂದಳು. ಕಲಿಯುವವರಿಗೆ ಹೇಳುವ ಹಾಗೆಯೇ.

ಮಾರ್ಚ್ 6, ಗುರುವಾರ

ರೂಮಿನ ಬೀಗ ತೆಗೆದೆ. ಷಟರ್ ಅರ್ಧ ಎತ್ತುವಷ್ಟರಲ್ಲಿ ಮಹಡಿಯ ಕಿಟಕಿಯಲ್ಲಿ ಮೈದುನನ ತಲೆ ಕಂಡಿತು. ನಾನು ನೋಡಿದ ಕೂಡಲೇ ಗಿಡಕ್ಕೆ ನೀರು ಹಾಕುವವನಂತೆ ಮಾಡಿದ. ಆ ಕಿಟಕಿಯಲ್ಲಿ ಗಿಡವಿಲ್ಲ.

ಒಳಗೆ ಎಲ್ಲ ಇದ್ದ ಹಾಗೇ ಇದೆ. ರೂಮಿನ ನಡುವೆ ಗರಗಸ. ಇವರು ಒಳಗೋಡೆಗೆ ಬೆನ್ನು ಮಾಡಿ ನಿಂತು ಷಟರಿನ ಕಡೆಗೆ ನೂಕುತ್ತಿದ್ದರು. ನಾನು ಷಟರಿಗೆ ಬೆನ್ನು ಮಾಡಿ ಎದುರಿಗೆ ನಿಲ್ಲುತ್ತಿದ್ದೆ. ನಾನು ನಿಂತು ನಿಂತು ಅಲ್ಲಿ ನೆಲ ನುಣುಪಾಗಿದೆ.

ಫೆನ್ಸು ಎಂದರೆ ಒಂದು ನೆಟ್ಟನೆಯ ಕಬ್ಬಿಣದ ಪಟ್ಟಿ, ಅಷ್ಟೇ. ಕೊಯ್ಯುವಾಗ ಹಲಗೆ ಅದಕ್ಕೆ ಒರಗಿಕೊಂಡು ಹೋಗುತ್ತದೆ, ಅಡ್ಡಾದಿಡ್ಡಿ ಹೋಗುವುದಿಲ್ಲ. ಮೇಜಿನ ಅಂಚಿನಲ್ಲಿರುವ ಹಳಿಯ ಮೇಲೆ ಅದನ್ನು ಸರಿಸಿ ಅಳತೆಗೆ ಬಿಗಿ ಮಾಡಬೇಕು. ಹಳೆಯದು ಸಡಿಲವಾಗಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಇವರು ಬೈದು ಹಳಿಯ ಸಮೇತ ಬಿಚ್ಚಿ ಮೂಲೆಗೆ ಹಾಕಿದ್ದರು. ಹೊಸದು ತರುವುದರೊಳಗೆ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಬಟ್ಟೆ ತಂದು ಒರೆಸಿದೆ. ನನ್ನ ಕಡೆ ಪೂರ್ತಿ ಒರೆಸಿದೆ. ಆ ಕಡೆ ಹೋಗಲಿಲ್ಲ. ಅಲ್ಲಿ ಅಷ್ಟೇನೂ ಧೂಳಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಅಂಗಡಿಗೆ ಹೋದೆ. ಅಂಗಡಿಯವರನ್ನು ಇವರು ಸ್ಕ್ರೂ ಸಾಹುಕಾರರು ಎನ್ನುತ್ತಿದ್ದರು. ಯಾವಾಗಲೂ ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡಿರುತ್ತಾರೆ. ಮಾತಾಡುವಾಗ ಅವು ತುಟಿಯ ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತವೆ. ನುಂಗಿಬಿಟ್ಟರೆ ಎಂಬ ಭಯದಲ್ಲಿ ನನಗೆ ಅವರು ಹೇಳಿದ್ದು ಅರ್ಧ ತಲೆಗೆ ಹೋಗಲಿಲ್ಲ.

"ಫೆನ್ಸು ಬೇಕು" ಅಂದೆ.

"ಚಿಕ್ಕ ಹಳಿದೋ, ಉದ್ದ ಹಳಿದೋ?"

ಎರಡು ತರ ಇದೆ ಎಂದು ಯಾರಿಗೆ ಗೊತ್ತು? ಚಿಕ್ಕದರಲ್ಲಿ ಫೆನ್ಸು ಚಕ್ರದಿಂದ ಮೂವತ್ತು ಇಂಚಿನವರೆಗೆ ದೂರ ಸರಿಯುತ್ತದಂತೆ. ಉದ್ದದ್ದರಲ್ಲಿ ಐವತ್ತೆರಡು. ಫೆನ್ಸು ಎಷ್ಟು ದೂರ ಹೋಗುತ್ತದೋ ಅಷ್ಟು ಅಗಲದ ತುಂಡು ಸಿಗುತ್ತದೆ.

"ನನಗೆ ನಲವತ್ತು ಇಂಚು ಬೇಕು" ಅಂದೆ.

"ಒಂದು ಮೇಜಿಗೋಸ್ಕರ ಉದ್ದದ್ದು ಯಾಕಮ್ಮ? ನಾಲ್ಕು ಅಡಿ ಪ್ಲೈವುಡ್ ಮಧ್ಯಕ್ಕೆ ಸೀಳೋಕೆ ಮೂವತ್ತು ಧಾರಾಳ. ಕಪಾಟು, ಡ್ರಾಯರು, ಶೆಲ್ಫು ಎಲ್ಲ ಅದರಲ್ಲೇ ಆಗುತ್ತೆ. ಆ ನಲವತ್ತನ್ನ ಬೇಕಾದರೆ ಇಲ್ಲಿ ತನ್ನಿ, ಕೈ ಮಿಷನ್ನಲ್ಲಿ ಕೊಯ್ದುಕೊಡ್ತೀನಿ. ಉದ್ದದ್ದು ಹಾಕಿದರೆ ಪಕ್ಕಕ್ಕೆ ಇನ್ನೊಂದು ಮೇಜು ಜೋಡಿಸಬೇಕು, ಅರ್ಧ ರೂಮು ತಿನ್ನುತ್ತೆ. ದೊಡ್ಡ ಹಲಗೆ ಹಿಡಿಯೋಕೆ ಆಚೆ ಕಡೆ ಒಬ್ಬರು ನಿಲ್ಲಬೇಕು. ಕೊಯ್ಯೋರು ಯಾರು?"

"ನಾನೇ."

ಸ್ಕ್ರೂಗಳು ನಡುದಾರಿಯಲ್ಲಿ ನಿಂತವು. "ಹಿಡಿಯೋರು?"

ಅವರು ಸ್ಕ್ರೂ ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು. "ಮೊದಲು ಚಕ್ರದಿಂದ ಬಲಗಡೆ ಗೋಡೆಗೆ ಎಷ್ಟು ಜಾಗ ಇದೆ ಅಳೆದುಕೊಂಡು ಬನ್ನಿ" ಅಂದರು. "ಜಾಗವೇ ಇಲ್ಲದಿದ್ದರೆ ತಲೆಬಿಸಿಯೇ ಇಲ್ಲ."

ಮಾರ್ಚ್ 8, ಶನಿವಾರ

ಚಿಕ್ಕದೋ ಉದ್ದವೋ ಎಂದು ಒಬ್ಬರನ್ನು ಕೇಳಿದ್ದೇ ತಪ್ಪಾಯಿತು.

ಮೈದುನ: "ಚಿಕ್ಕದೇ ತಗೊಳ್ಳಿ ಅತ್ತಿಗೆ. ಮಿಕ್ಕ ಜಾಗದಲ್ಲಿ ಕಾರಿನ ಮೂತಿಯಾದರೂ ಹಿಡಿಯುತ್ತೆ."

"ಬಾಲ?"

"ಬಾಲ ನೆನೀಲಿ ಬಿಡಿ."

ಮಗಳು ಫೋನಿನಲ್ಲಿ: "ಚಿಕ್ಕದು. ಹೊಸದಾಗಿ ಕಲಿಯೋರಿಗೆ ಯಾವತ್ತೂ ಚಿಕ್ಕ ಗಾಡಿ ಕೊಡಬೇಕು."

ಹಾಲಿನವಳು, ಅವಳನ್ನು ಯಾರೂ ಕೇಳಿರಲಿಲ್ಲ: "ಉದ್ದದ್ದೇ ತಗೊಳ್ಳಿ. ಬಟ್ಟೆ ಒಣಗಿಸೋಕಾದರೂ ಆಗುತ್ತೆ."

ನನಗೂ ಚಿಕ್ಕದೇ ಸರಿ ಅನ್ನಿಸುತ್ತಿದೆ. ಒಬ್ಬಳಿಗೆ ಚಿಕ್ಕ ಚಿಕ್ಕ ತುಂಡು ಸಾಕು. ಯಾರನ್ನೂ ಕರೆಯಬೇಕಾಗಿಲ್ಲ. ಅಡುಗೆಯನ್ನೂ ಹಾಗೇ ಮಾಡಿಕೊಳ್ಳುತ್ತಿದ್ದೇನೆ.

ಮಾರ್ಚ್ 9, ಭಾನುವಾರ

ಅಳೆದೆ. ನನ್ನ ಜಾಗದಲ್ಲಿ ನಿಂತು, ಚಕ್ರದ ಹತ್ತಿರ ಟೇಪಿನ ತುದಿಗೆ ಇಟ್ಟಿಗೆ ಇಟ್ಟು, ಬಲಗೈ ಕಡೆಗೆ ಎಳೆದುಕೊಂಡು ಹೋದೆ. ಕಿಟಕಿಯ ಗೋಡೆಯವರೆಗೆ ಎಪ್ಪತ್ತೆರಡು ಇಂಚು. ಇನ್ನೊಂದು ಸಲ ಅಳೆದೆ. ಅಷ್ಟೇ ಬಂತು. ಬಲಗಡೆ ಜಾಗ ಬೇಕಾದಷ್ಟಿದೆ.

ಅಳತೆ ಮಾಡುವುದರಲ್ಲಿ ತಪ್ಪು ಮಾಡಬಾರದು ಎಂದು ಇವರು ಯಾವಾಗಲೂ ಹೇಳುತ್ತಿದ್ದರು.

ಮಾರ್ಚ್ 10, ಸೋಮವಾರ

ಚಿಕ್ಕದು ಹೇಳಿ ಬರೋಣ ಎಂದೇ ಹೋದೆ. ಬಲಗಡೆ ಎಪ್ಪತ್ತೆರಡು ಅಂದೆ. ಸಾಹುಕಾರರು ಎರಡನ್ನೂ ತಂದು ಮುಂದಿಟ್ಟರು. ಮುಟ್ಟಿ ನೋಡಿದೆ. ಎರಡೂ ತಣ್ಣಗಿದ್ದವು.

ನನ್ನನ್ನೇ ನೋಡುತ್ತಿದ್ದ ಸಾಹುಕಾರರು ಇದ್ದಕ್ಕಿದ್ದಂತೆ ನಕ್ಕರು.

"ನಿಮ್ಮ ಯಜಮಾನರೂ ಹೀಗೇ. ವಾಕಿಂಗ್ ಹೋಗ್ತಾ ಇಲ್ಲಿಗೆ ಬರೋರು. ಎರಡನ್ನೂ ಹೊರಗೆ ತೆಗೆಸೋರು. ಟೀ ಕುಡಿಯೋರು. ನಾಳೆ ಹೇಳ್ತೀನಿ ಅಂತ ಎದ್ದು ಹೋಗೋರು. ಹೋದ ವರ್ಷ ಪೂರ್ತಿ ಇದೇ ಕಥೆ."

ಇವರು ಬೆಳಗಿನ ವಾಕಿಂಗಿನಿಂದ ಬರುವಾಗ ಬಾಯಿಂದ ಟೀ ವಾಸನೆ ಬರುತ್ತಿತ್ತು. ನಾನು ಕೇಳಿದರೆ, ರಸ್ತೆಯ ಗಾಳಿಗೆ ಹತ್ತಿಕೊಂಡದ್ದು ಅನ್ನುತ್ತಿದ್ದರು.

"ಅಷ್ಟು ಯೋಚನೆ ಮಾಡೋಕೆ ಏನಿತ್ತು?"

"ಅದೇ ನಾನೂ ಕೇಳಿದೆ. ಉದ್ದದ್ದು ಮುಟ್ಟೋರು, 'ಇದು ಹಾಕಿದರೆ ದೊಡ್ಡ ದೊಡ್ಡ ಹಲಗೆ ಹಿಡಿದು ಅವಳ ಕೈ ನೋಯುತ್ತೆ' ಅನ್ನೋರು. ಸರಿ, ಚಿಕ್ಕದು ತಗೊಳ್ಳಿ ಅಂದರೆ, ಅದನ್ನ ಮುಟ್ಟೋರು, 'ಇದಾದರೆ ನಾನೊಬ್ಬನೇ ಸಾಕು, ಅವಳು ರೂಮಿಗೆ ಬರೋದೇ ಬೇಕಾಗಲ್ಲ' ಅನ್ನೋರು. ಮತ್ತೆ ಉದ್ದದ್ದರ ಹತ್ತಿರ. ನನ್ನ ಟೀ ಖರ್ಚಾಗ್ತಾ ಇತ್ತು, ಅಷ್ಟೇ."

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಸಾಹುಕಾರರು ಒಳಗೆ ಹೋಗಿ ಏನೋ ಹುಡುಕುವ ಹಾಗೆ ಮಾಡಿದರು. ತುಂಬ ಹೊತ್ತು ಹುಡುಕಿದರು.

ನನ್ನ ಕೈ ನೋಯುತ್ತದೆ ಎಂದು ನಾನು ಒಂದು ದಿನವೂ ಹೇಳಿರಲಿಲ್ಲ.

ಉದ್ದದ್ದನ್ನು ಕಳಿಸಿ ಅಂತ ಹೇಳಿ ಬಂದೆ.

ಮಾರ್ಚ್ 13, ಗುರುವಾರ

ಮೈದುನ ಇವತ್ತು ರಿವರ್ಸ್‌ನಲ್ಲಿ ನೆಟ್ಟಗೆ ಬಂದನಂತೆ. ಕೆಟ್ಟ ಸುದ್ದಿ.

ಮಾರ್ಚ್ 17, ಸೋಮವಾರ

ಟೆಸ್ಟಿಗೆ ದಿನ ಗೊತ್ತಾಗಿದೆ. ಏಪ್ರಿಲ್ ನಾಲ್ಕು. ಮೆಟ್ಟಿಲಿನಲ್ಲಿ ಸಿಕ್ಕಿ, "ಫೆನ್ಸು ಬಂತಾ ಅತ್ತಿಗೆ?" ಎಂದ. "ಕ್ಲಚ್ಚು ಬಂತಾ?" ಎಂದೆ.

ಮಾರ್ಚ್ 19, ಬುಧವಾರ

ಫೆನ್ಸು ಬಂತು. ಪೆಟ್ಟಿಗೆ ನನಗಿಂತ ಉದ್ದ. ತಂದವನು ಬಾಗಿಲಲ್ಲಿ ಒರಗಿಸಿ, "ಒಳಗೆ ಯಾರಾದರೂ ಇದ್ದಾರಾ, ಹಿಡಿಯೋಕೆ?" ಎಂದು ಕೇಳಿದ. ಇಲ್ಲ ಅಂದೆ. ಅವನೇ ಹಿಡಿದ. ಶನಿವಾರ ಮಗಳು ಬರುತ್ತಾಳೆ, ಆಗಲೇ ಬಿಚ್ಚುವುದು.

ಸಂಜೆ ಪೆಟ್ಟಿಗೆಯ ಒಂದು ತುದಿ ಮಾತ್ರ ಬಿಚ್ಚಿ ನೋಡಿದೆ. ಆಮೇಲೆ ಇನ್ನೊಂದು ತುದಿ.

ಮಾರ್ಚ್ 22, ಶನಿವಾರ

ಬರೆಯಲು ನಾಚಿಕೆ. ಬರೆದುಬಿಡುತ್ತೇನೆ.

ಮಗಳು ಬಂದಳು. ಮೈದುನನೂ ಇಳಿದು ಬಂದ, ಸುಮ್ಮನೆ ನೋಡಲಿಕ್ಕೆ ಅಂದ. ಪೆಟ್ಟಿಗೆಯಲ್ಲಿ ಒಂದು ಕಾಗದವಿತ್ತು. ಬರೀ ಚಿತ್ರಗಳು. ಒಬ್ಬ ದುಂಡು ತಲೆಯ ಮನುಷ್ಯ ಗರಗಸದ ಮುಂದೆ ನಗುತ್ತ ನಿಂತಿದ್ದಾನೆ, ಅವನ ಬಲಗೈ ಕಡೆಗೆ ಹಳಿ ಉದ್ದಕ್ಕೆ ಹೋಗಿದೆ.

ಮಗಳು ಕಾಗದ ಹಿಡಿದುಕೊಂಡು ಒಳಗೋಡೆಯ ಕಡೆ ಹೋಗಿ, ಅಪ್ಪ ನಿಲ್ಲುತ್ತಿದ್ದಲ್ಲಿ ನಿಂತಳು. ಚಿತ್ರ ನೋಡಿದಳು. ತನ್ನ ಬಲಕ್ಕೆ ನೋಡಿದಳು. ಅಲ್ಲಿ ಗೋಡೆ.

"ಅಮ್ಮ, ಎಷ್ಟು ಅಂದಿದ್ದೆ ಜಾಗ?"

"ಎಪ್ಪತ್ತೆರಡು."

"ಇಲ್ಲಿ ಮೂವತ್ತೆಂಟೂ ಇಲ್ಲ."

"ಅಲ್ಲಿ ಯಾಕೆ ನೋಡ್ತೀಯ? ಬಲಗಡೆ ನೋಡು."

"ಬಲಗಡೆಯೇ ನೋಡ್ತಾ ಇದ್ದೀನಿ."

"ಅದು ಎಡಗಡೆ."

"ಅಮ್ಮ, ನೀನು ಎಲ್ಲಿ ನಿಂತು ಅಳೆದೆ?"

"ಎಲ್ಲಿ ಅಂದರೆ? ಗರಗಸದ ಹತ್ತಿರ. ನನ್ನ ಜಾಗದಲ್ಲಿ."

ಹೇಳಿದ ಮೇಲೆ ನನಗೇ ಕೇಳಿಸಿತು.

ಮಗಳು ಕಾಗದವನ್ನು ನಿಧಾನವಾಗಿ ಮಡಿಸಿದಳು. "ಎದುರುಗಡೆಯಿಂದ ಬರೋ ಗಾಡಿಯ ಲೆಕ್ಕ ಹಾಕಿದ್ದೀಯಲ್ಲಮ್ಮ" ಅಂದಳು. ಅವಳ ಕಾಲು ನೆಲವನ್ನು ಒತ್ತುತ್ತಿತ್ತು. ಆದರೆ ಗಾಡಿ ಆಗಲೇ ಗುದ್ದಿಯಾಗಿತ್ತು.

ನಾನು ಗರಗಸವನ್ನು ಇಷ್ಟು ವರ್ಷವೂ ಹಿಂದಿನಿಂದಲೇ ನೋಡಿದವಳು. ಅದಕ್ಕೆ ಮುಂದುಗಡೆ ಒಂದಿದೆ, ಆ ಕಡೆಯಿಂದ ನೋಡಿದರೆ ಎಡಬಲ ಬೇರೆ ಎಂದು ಯೋಚನೆಯೇ ಬರಲಿಲ್ಲ. ಹಲಗೆ ಬರುವುದು ಆ ಕಡೆಯಿಂದ, ಹಿಡಿಯುವುದು ಈ ಕಡೆ. ನನಗೆ ಗರಗಸ ಎಂದರೆ ಅಷ್ಟೇ.

ಮೈದುನ ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ತುಂಬ ಗಂಭೀರವಾಗಿ, "ಇದರಲ್ಲಿ ಅತ್ತಿಗೆ ತಪ್ಪೇನಿದೆ? ನನಗೂ ಅದು ಎಡಗಡೆಯೇ" ಅಂದ. ಅದು ಇನ್ನೂ ಬೇಜಾರು ತಂದಿತು.

ಮಾರ್ಚ್ 23, ಭಾನುವಾರ

ರೂಮು ತೆಗೆಯಲಿಲ್ಲ.

ಮಾರ್ಚ್ 26, ಬುಧವಾರ

ಸಾಹುಕಾರರಿಗೆ ಫೋನು ಮಾಡಿದೆ. ಪೆಟ್ಟಿಗೆ ಬಿಚ್ಚಿದ ಮೇಲೆ ವಾಪಸ್ ಇಲ್ಲ. "ಬೇಕಾದರೆ ಹಳಿಯನ್ನ ಮೂವತ್ತಕ್ಕೆ ಕತ್ತರಿಸಿ ಕೊಡ್ತೀನಿ. ಚಿಕ್ಕದರ ಕೆಲಸ ಮಾಡುತ್ತೆ" ಅಂದರು. ಅವರೇ ಅಂದ ಮೇಲೆ ಸರಿಯಾದ ಮಾತೇ ಇರಬೇಕು. ಶನಿವಾರ ತರುತ್ತೇನೆ ಅಂದೆ.

ಫೋನು ಇಟ್ಟ ಮೇಲೆ ಇವರಿಗೆ ಸಿಟ್ಟಿನಿಂದ ನಾಲ್ಕು ಮಾತು ಹೇಳಿದೆ. ಒಂದು ವರ್ಷ ಟೀ ಕುಡಿಯುವ ಬದಲು ನನ್ನನ್ನು ಒಂದು ಮಾತು ಕೇಳಿದ್ದರೆ ಇಬ್ಬರೂ ಸೇರಿ ಅಳೆಯುತ್ತಿದ್ದೆವು. ಜೋರಾಗಿಯೇ ಹೇಳಿದೆ. ಮಹಡಿಯ ಕಿಟಕಿ ತೆರೆದುಕೊಂಡಿತು.

"ನನಗಾ ಅತ್ತಿಗೆ?"

"ನಿನಗಲ್ಲ."

"ಸರಿ" ಅಂದು ಮುಚ್ಚಿದ.

ಮಾರ್ಚ್ 29, ಶನಿವಾರ

ಹಳಿಯನ್ನು ಅಂಗಡಿಗೆ ಸಾಗಿಸಲು ಮಗಳು ಕಾರು ತಂದಳು. ಮೇಲಿಂದ ಮೈದುನ ಬಂದ. ಹಳಿಯ ಒಂದು ತುದಿ ಹಿಡಿದವನು ಎತ್ತಲಿಲ್ಲ. ಷಟರಿನ ಹತ್ತಿರ, ನನ್ನ ಜಾಗದಲ್ಲಿ ನಿಂತು ಬಲಕ್ಕೆ ನೋಡುತ್ತಲೇ ಇದ್ದ.

"ಇಲ್ಲಿಂದ ನೋಡಿದರೆ ಜಾಗ ಇದೆಯಲ್ಲ."

"ಚಿಕ್ಕಪ್ಪ, ಮಿಷನ್ನಿನ ಮುಖ ಆ ಕಡೆ ಇದೆ" ಎಂದಳು ಮಗಳು.

"ಗೊತ್ತು. ಈ ಕಡೆ ತಿರುಗಿಸಿದರೆ?"

ಮಗಳು ಮಡಿಸಿಟ್ಟಿದ್ದ ಕಾಗದ ಬಿಚ್ಚಿದಳು.

"ಅಂಗಡಿಯಲ್ಲಿ ನಾನು ಮಾಡೋದೇ ಅದು" ಅಂದ. "ಗಿರಾಕಿಗೆ ಅಕ್ಷರದ ಬೋರ್ಡು ಓದೋಕಾಗದಿದ್ದರೆ ಬೋರ್ಡು ಬದಲಾಯಿಸಲ್ಲ. ಕುರ್ಚಿ ತಿರುಗಿಸ್ತೀನಿ."

ಮಗಳು ಮೊದಲು ಅವನನ್ನು ನೋಡಿದಳು, ಆಮೇಲೆ ರೂಮನ್ನು, ಆಮೇಲೆ ಕಾಗದದ ದುಂಡು ತಲೆಯವನನ್ನು. ಕಾಗದವನ್ನು ತಲೆಕೆಳಗು ಮಾಡಿದಳು. "ಅಮ್ಮ, ಆಗುತ್ತೆ. ಒಳಗಡೆ ಅಪ್ಪ ನಿಲ್ಲೋಕೆ ಬಿಟ್ಟ ಜಾಗ ಇದೆಯಲ್ಲ, ಕೊಯ್ದ ಹಲಗೆ ಅಲ್ಲಿಗೆ ಹೋಗುತ್ತೆ. ನೀನು ಇಲ್ಲೇ ನಿಂತು ನೂಕಬಹುದು. ನಿನ್ನ ಜಾಗದಲ್ಲೇ."

ಗರಗಸ ಆನೆಯ ಭಾರ. ಕಾಲುಗಳಡಿ ಹಳೆಯ ಕಂಬಳಿ ತೂರಿಸಿ ಮೂವರೂ ಸೇರಿ ಎಳೆದೆವು. ಮಗಳು ರಸ್ತೆಯಲ್ಲಿ ಹೇಳುವ ಹಾಗೆ ಹೇಳುತ್ತಿದ್ದಳು. "ಎಡಕ್ಕೆ, ಚಿಕ್ಕಪ್ಪ, ಎಡಕ್ಕೆ! ಅದು ಬಲ! ನಿಲ್ಲಿಸಿ, ನಿಲ್ಲಿಸಿ, ನಿಲ್ಲಿಸಿ!" ಒಂದು ಸಲ ಗರಗಸ ಒಂದು ಸುತ್ತು ಪೂರ್ತಿ ತಿರುಗಿ ಹೊರಟಲ್ಲಿಗೇ ಬಂದು ನಿಂತಿತು. ಮೈದುನ ನೆಲದ ಮೇಲೆ ಕೂತುಬಿಟ್ಟ. ನನಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಮಗಳು ನನ್ನನ್ನೇ ನೋಡುತ್ತಿದ್ದಳು. ಏನೇ ಅಂದರೆ ಏನಿಲ್ಲ ಅಂದಳು.

ಎರಡನೆಯ ಸಲ ಸರಿಯಾಗಿ ಕೂತಿತು. ಹಳಿ ಕಿಟಕಿಯ ಕಡೆಗೆ ಕೈ ಚಾಚಿಕೊಂಡು ನಿಂತಿತು, ಪಕ್ಕಕ್ಕೆ ಹಳೆಯ ಮೇಜೊಂದನ್ನು ಜೋಡಿಸಿದ ಮೇಲೂ ಇನ್ನೂ ಜಾಗ ಉಳಿಯಿತು. ಬೋಲ್ಟು ಬಿಗಿಯುವಾಗ ಸ್ಪ್ಯಾನರು ಜಾರಿ ಒಳಗೋಡೆಯ ಕಡೆ ಉರುಳಿತು. ಹೋಗಿ ತಂದೆ. ಅಲ್ಲಿ ತುಂಬ ಧೂಳಿತ್ತು, ಗುಡಿಸಿಯೂ ಬಂದೆ. ಫೆನ್ಸನ್ನು ಈ ತುದಿಯಿಂದ ಆ ತುದಿಗೆ ಸರಿಸಿ ನೋಡಿದೆವು. ಒಂದು ಬೆರಳಿಗೆ ಓಡಾಡುತ್ತದೆ.

ಟೀ ಕುಡಿಯುವಾಗ ಮೈದುನನನ್ನು ಕೇಳಿದೆ. "ಹಳಿ ಕತ್ತರಿಸಿದ್ದರೆ ಕಾರಿನ ಮೂತಿ ಹಿಡೀತಿತ್ತಲ್ಲೋ. ಯಾಕೆ ತಿರುಗಿಸೋಕೆ ಹೇಳಿದೆ?"

ಅವನು ಲೋಟದೊಳಗೆ ನೋಡಿದ. "ಕಾರಿನದೇನು ಅತ್ತಿಗೆ, ರಸ್ತೆಯಲ್ಲಿ ನಿಲ್ಲುತ್ತೆ. ರಜಾ ದಿನ ಬೆಳಗ್ಗೆ ಎದ್ದರೆ ಮೊದಲು ಕೇಳಿಸ್ತಾ ಇದ್ದದ್ದು ಈ ಮಿಷನ್ನಿನ ಸದ್ದು. ಅಣ್ಣ ಹೋದ ಮೇಲೆ ಆ ಷಟರು ಮುಚ್ಚಿರೋದು ನೋಡೋಕಾಗ್ತಾ ಇರಲಿಲ್ಲ. ಏನಾದರೂ ತುಂಬಿಸೋಣ ಅಂದ್ಕೊಂಡೆ."

ಇದನ್ನು ಮೊದಲೇ ಹೇಳಬಾರದಿತ್ತಾ ಅಂದೆ.

"ನೀವು ಮಾತಾಡಿದರೆ ತಾನೆ?"

ಏಪ್ರಿಲ್ 4, ಶುಕ್ರವಾರ

ಇವತ್ತು ನಲವತ್ತು ಇಂಚು ಕೊಯ್ದೆವು.

ಬೆಳಗ್ಗೆಯೇ ಮಗಳು ಬಂದಳು. ಪ್ಲೈವುಡ್ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ಅಡ್ಡ ತಿರುಗಿಸಿ ಮೇಜಿನ ಮೇಲೆ 'ಧೊಪ್' ಎಂದು ಇಟ್ಟೆವು. ಫೆನ್ಸು ನಲವತ್ತಕ್ಕೆ ಬಿಗಿ ಮಾಡಿ, ನಂಬಿಕೆ ಸಾಲದೆ ಟೇಪು ಹಿಡಿದು ನೋಡಿದೆ. ಉಳಿದ ತುಂಡಿನ ಭಾರ ಹೊರಲು ಮಗಳು ಎಡಪಕ್ಕಕ್ಕೆ ನಿಂತಳು. ಎದುರಿಗೆ, ಒಳಗೋಡೆಯ ಹತ್ತಿರ, ಮೈದುನ. ಅವನಿಗೆ ಮಧ್ಯಾಹ್ನ ಟೆಸ್ಟು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡೇ ಬಂದಿದ್ದ.

ಸ್ವಿಚ್ಚು ಒತ್ತಿದೆ. ಆ ಸದ್ದು ಎದ್ದಿತು. ಹಲಗೆಯನ್ನು ಫೆನ್ಸಿಗೆ ಒತ್ತಿ ನೂಕಿದೆ.

ನೂಕುವವರಿಗೆ ಏನು ಕಾಣಿಸುತ್ತದೆ ಎಂದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಚಕ್ರ ಅಲ್ಲ. ಹಲಗೆಯ ಆ ತುದಿಯಲ್ಲಿ, ಬರುತ್ತಿದೆ ಬರುತ್ತಿದೆ ಎಂದು ಎರಡೂ ಕೈ ಚಾಚಿ, ಹುಬ್ಬು ಮೇಲೆತ್ತಿ, ಬಾಯಿ ತೆರೆದುಕೊಂಡು ಕಾಯುವ ಒಂದು ಮುಖ. ಇವರು ಅಷ್ಟು ವರ್ಷವೂ ನೋಡಿದ್ದು ನನ್ನ ಈ ಮುಖವನ್ನು. ಕೊಯ್ಯುವಾಗ ಇವರು ಯಾಕೆ ನಗುತ್ತಿದ್ದರು ಎಂದು ಈಗ ಗೊತ್ತಾಯಿತು. ಹಲಗೆ ನೆಟ್ಟಗೆ ಬಂದದ್ದಕ್ಕೆ ಎಂದುಕೊಂಡಿದ್ದೆ.

"ಎಳೀಬೇಡ!" ಎಂದು ಕೂಗಿದೆ. "ಸುಮ್ಮನೆ ಹಿಡಿ! ನಾನು ಕೊಡ್ತೀನಿ!"

"ಹಿಡಿದಿದ್ದೀನಿ ಅತ್ತಿಗೆ!"

"ಎಡಗೈ ಸ್ವಲ್ಪ ಮೇಲೆ!"

ಅವನು ಬಲಗೈ ಎತ್ತಿದ. ಪರವಾಗಿಲ್ಲ, ಅದೇ ಬೇಕಾಗಿತ್ತು.

ತುಂಡು ಬೇರೆಯಾಯಿತು. ಸ್ವಿಚ್ಚು ಆರಿಸಿದೆ. ಚಕ್ರ ನಿಲ್ಲುವವರೆಗೆ ಯಾರೂ ಅಲ್ಲಾಡಲಿಲ್ಲ. ಮಗಳ ಬಲಗಾಲು ಮರದ ಹೊಟ್ಟಿನೊಳಗೆ ಒಂದು ಗುಳಿ ಮಾಡಿತ್ತು. ಅಳೆದೆ: ಆ ತುದಿ ನಲವತ್ತು, ಈ ತುದಿ ನಲವತ್ತು. ಆಮೇಲೆ ಇನ್ನೊಂದು ಕಡೆಯನ್ನೂ ಕೊಯ್ದು ಚೌಕ ಮಾಡಿ, ಇವರು ಮಾಡಿಟ್ಟ ಕಾಲುಗಳ ಮೇಲೆ ಕೂರಿಸಿದೆವು. ಒಂದು ಕಾಲು ಕುಂಟುತ್ತದೆ. ಅದು ಇವರ ತಪ್ಪು, ನನ್ನದಲ್ಲ. ನಾಳೆ ಸರಿಮಾಡುತ್ತೇನೆ. ಉಳಿದ ಪ್ಲೈವುಡ್ಡಿನಲ್ಲಿ ಮೈದುನನ ಅಂಗಡಿಗೆ ಕನ್ನಡಕದ ಪೆಟ್ಟಿಗೆಗಳನ್ನಿಡಲು ಗೂಡುಗಳ ಶೆಲ್ಫು ಆಗುತ್ತದೆ. ಹಾಲಿನವಳು ಒಂದು ಸ್ಟೂಲು ಕೇಳಿದ್ದಾಳೆ. ಅವಳದು ಮುಂದಿನ ವಾರ.

ಮೈದುನ ಟೆಸ್ಟಿನಲ್ಲಿ ಪಾಸಾದನಂತೆ. ಬರೆಯುವುದು ಮರೆತಿತ್ತು.

ಏಪ್ರಿಲ್ 9, ಬುಧವಾರ

ಬೆಳಗ್ಗೆ ಶೆಲ್ಫಿನ ಹಲಗೆ ಕೊಯ್ಯುತ್ತಿದ್ದಾಗ ಸಾಹುಕಾರರ ಫೋನು. ಸ್ವಿಚ್ಚು ಆರಿಸಿ ಎತ್ತಿದೆ.

"ಅಮ್ಮ, ಇಲ್ಲಿ ಒಬ್ಬರು ಗಿರಾಕಿ ಕೂತಿದ್ದಾರೆ. ಚಿಕ್ಕದೋ ಉದ್ದದ್ದೋ ಅಂತ ಮೂರು ಟೀ ಆಯ್ತು. ನಿಮ್ಮ ಅನುಭವದಲ್ಲಿ ಯಾವುದು ಸರಿ?"

"ಕೆಲಸ ಮಾಡೋರು ಯಾರು?"

"ಅವರೇ."

"ಹಿಡಿಯೋರು?"

ಫೋನಿಗೆ ಕೈ ಅಡ್ಡ ಹಿಡಿದು ಕೇಳಿದ್ದು ಕೇಳಿಸಿತು.

"ಯಾರೂ ಇಲ್ಲವಂತೆ. ಒಬ್ಬರೇ ಅಂತೆ. ಹಾಗಾದರೆ ಚಿಕ್ಕದೇ ಕೊಡಲಾ?"

"ಬೇಡ. ಉದ್ದದ್ದೇ ಕೊಡಿ" ಅಂದೆ. "ಯಾರಾದರೂ ಬರ್ತಾರೆ."

"ಬರದಿದ್ದರೆ?"

"ನನ್ನ ನಂಬರ್ ಕೊಡಿ. ಹಿಡಿಯೋದರಲ್ಲಿ ನನಗೆ ಅನುಭವ ಇದೆ."